ನ್ಯೂಜೆರ್ಸಿಯಿಂದ ಫ್ರೀಮಾಂಟ್‌ಗೆ ಮನೆ ಸಾಮಾನು ಸಾಗಿಸಬೇಕು, ಅನುಭವ ಇದ್ದವರು ದಯವಿಟ್ಟು ಹೇಳಿ

ತುಂಗಾತೀರ (ಎಡಿಸನ್):

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಹೊಸ ಕೆಲಸ ಸಿಕ್ಕಿದೆ. ಜನವರಿ ಮೊದಲ ವಾರ ಸೇರಬೇಕು. ನಾವಿರುವುದು ಎಡಿಸನ್‌ನಲ್ಲಿ, ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಎರಡನೇ ಮಹಡಿ. ಹೋಗಬೇಕಾದದ್ದು ಫ್ರೀಮಾಂಟ್‌ಗೆ, ಹೆಚ್ಚುಕಮ್ಮಿ 2,900 ಮೈಲಿ. ಊರಿಂದ ಬಂದಾಗ ತಲೆಗೆರಡು ಸೂಟ್‌ಕೇಸ್, ಅಷ್ಟೇ ಇದ್ದದ್ದು. ಈಗ ನೋಡಿದರೆ ಸೋಫಾ, ಎರಡು ಮಂಚ, ಊಟದ ಟೇಬಲ್, ಮಗಳ ಸೈಕಲ್, ಕಲ್ಲಿನ ಗ್ರೈಂಡರ್, ಮಾವನವರು ಜೋಡಿಸಿಟ್ಟ ಆರು ಡಬ್ಬ ಕನ್ನಡ ಪುಸ್ತಕ, ನನ್ನ ವೀಣೆ, ಬಾಲ್ಕನಿಯಲ್ಲಿ ಕುಂಡದ ಕರಿಬೇವು. ಜೊತೆಗೆ ಒಂದು ಕಾರು.

ಆನ್‌ಲೈನ್‌ನಲ್ಲಿ ಒಂದು ಕಡೆ ವಿವರ ತುಂಬಿದೆ. ಅವತ್ತಿಂದ ಫೋನ್‌ಗೆ ಬಿಡುವೇ ಇಲ್ಲ. ಒಬ್ಬರು 2,400 ಡಾಲರ್ ಸಾಕು ಅಂತಾರೆ. ಮನೆ ನೋಡಿಲ್ಲ, ವಿಡಿಯೋನೂ ಕೇಳಲಿಲ್ಲ. ಇವತ್ತೇ ಮುಂಗಡ ಕೊಟ್ಟರೆ ಮಾತ್ರ ಈ ದರ ಅಂತೆ. ಇನ್ನಿಬ್ಬರು ವಿಡಿಯೋದಲ್ಲಿ ಎಲ್ಲ ನೋಡಿ 4,000 ಪೌಂಡ್ ಆಗುತ್ತೆ, ಸುಮಾರು 6,000 ಡಾಲರ್ ಅಂದರು. ಇಷ್ಟು ವ್ಯತ್ಯಾಸ ಯಾಕೆ? ಯಾರನ್ನು ನಂಬಲಿ?

ಕಾವೇರಿ (ಫಿಲಡೆಲ್ಫಿಯಾ):

ಅಕ್ಕ, ಸೋಫಾ, ಮಂಚ, ಟೇಬಲ್ ಎಲ್ಲ ಮಾರಿಬಿಡಿ. ಐಕಿಯಾದ್ದಾದರಂತೂ ಯೋಚನೆಯೇ ಬೇಡ. ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಆ ಹೊಟ್ಟಿನ ಹಲಗೆಯಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಎಡಿಸನ್‌ನಲ್ಲಿ ನಮ್ಮವರೇ ಬೇಕಾದಷ್ಟು ಇದ್ದಾರೆ, ಹೊಸದಾಗಿ ಬಂದವರು ತಗೊಳ್ಳುತ್ತಾರೆ. ಪಾತ್ರೆ, ಬಟ್ಟೆ, ದೇವರ ಸಾಮಾನು, ಪುಸ್ತಕ ಇಷ್ಟಕ್ಕೆ ಮಾತ್ರ ದಾರಿ ನೋಡಿ.

ಫ್ರೀಮಾಂಟ್ ರಾಯರು:

ತಾಯಿ, ಆ 2,400 ಡಾಲರ್‌ನವರಿಗೆ ಒಂದು ಪೈಸೆಯೂ ಮುಂಗಡ ಕೊಡಬೇಡಿ. ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: 'ನನ್ನ ಸಾಮಾನು ಹೊರುವ ಟ್ರಕ್ ನಿಮ್ಮದೇನಾ?' ಮಾತು ತೇಲಿಸಿದರೆ ಅವರು ಬ್ರೋಕರ್. ಇಲ್ಲಿ ಮನೆ ಸಾಗಿಸುವ ವ್ಯವಹಾರದಲ್ಲಿ ಎರಡು ಜಾತಿ ಇದೆ. ಕ್ಯಾರಿಯರ್ ಅಂದರೆ ಟ್ರಕ್, ಆಳು ಇಟ್ಟುಕೊಂಡು ನಿಜವಾಗಿ ಸಾಗಿಸುವವರು. ಬ್ರೋಕರ್ ಅಂದರೆ ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿ ನಡುವೆ ದುಡ್ಡು ಇಟ್ಟುಕೊಳ್ಳುವವರು. ಬ್ರೋಕರ್ ಆಗಿರುವುದು ತಪ್ಪಲ್ಲ, ಕಾನೂನಿನಲ್ಲಿ ಅದಕ್ಕೆ ಜಾಗವಿದೆ. ಆದರೆ ತಾನು ಬ್ರೋಕರ್ ಅಂತ ಅವರು ಹೇಳಲೇಬೇಕು, ಯಾವ ಕ್ಯಾರಿಯರ್‌ಗಳ ಜೊತೆ ವ್ಯವಹಾರ ಅಂತ ಪಟ್ಟಿ ಕೊಡಬೇಕು. ಸಾಮಾನು ಒಡೆದರೆ, ತಡವಾದರೆ ನೀವು ಜಗಳ ಆಡಬೇಕಾದದ್ದು ಕ್ಯಾರಿಯರ್ ಜೊತೆ. ಅವರ ಹೆಸರೇ ಗೊತ್ತಿಲ್ಲದಿದ್ದರೆ ಯಾರ ಜೊತೆ ಜಗಳ?

ರಾಜ್ಯದಿಂದ ರಾಜ್ಯಕ್ಕೆ ಸಾಮಾನು ಸಾಗಿಸುವವರೆಲ್ಲ ಎಫ್‌ಎಂಸಿಎಸ್‌ಎ ಅನ್ನುವ ಕೇಂದ್ರ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು. ಪ್ರತಿಯೊಬ್ಬರಿಗೂ ಯುಎಸ್‌ಡಾಟ್ ನಂಬರ್ ಅನ್ನುವ ನೋಂದಣಿ ಸಂಖ್ಯೆ ಇರುತ್ತೆ. ಅದನ್ನು ಕೇಳಿ ತಗೊಂಡು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಕ್ಯಾರಿಯರ್ರೋ ಬ್ರೋಕರೋ, ವಿಮೆ ಇದೆಯೋ, ಎಷ್ಟು ದೂರು ಬಂದಿದೆ, ಎಲ್ಲ ಅಲ್ಲೇ ಸಿಗುತ್ತೆ. ಹೆಸರು ಹೊಸದು, ನೋಂದಣಿ ನಿನ್ನೆ ಮೊನ್ನೆಯದು ಅಂದರೆ ದೂರ ಇರಿ.

ಆಮೇಲೆ ಎಸ್ಟಿಮೇಟ್. ಬಾಯಿ ಮಾತಿಗೆ ಬೆಲೆ ಇಲ್ಲ, ಬರವಣಿಗೆಯಲ್ಲಿ ಬೇಕು. ಬೈಂಡಿಂಗ್ ಎಸ್ಟಿಮೇಟ್ ಆದರೆ ಬರೆದಷ್ಟೇ ಕೊಟ್ಟು ಸಾಮಾನು ಇಳಿಸಿಕೊಳ್ಳಬಹುದು. ನಾನ್ ಬೈಂಡಿಂಗ್ ಆದರೆ ಕೊನೆಗೆ ತೂಗಿದಾಗ ಏರಬಹುದು. ಆದರೂ ಇಳಿಸುವ ದಿನ ಎಸ್ಟಿಮೇಟ್‌ನ 110 ಪರ್ಸೆಂಟ್‌ಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಉಳಿದದ್ದಕ್ಕೆ 30 ದಿನ ಬಿಟ್ಟು ಬಿಲ್ ಕಳಿಸಬೇಕು. ಅಂದರೆ 5,000 ಅಂತ ಬರೆದಿದ್ದರೆ ಅವತ್ತು 5,500 ಕೊಟ್ಟರೆ ಸಾಮಾನು ಇಳಿಸಲೇಬೇಕು. ನೀವೇ ಆಮೇಲೆ ಹೆಚ್ಚಿಗೆ ಕೆಲಸ ಹೇಳಿದರೆ ಅದರ ಲೆಕ್ಕ ಬೇರೆ. ಇವೆರಡಕ್ಕಿಂತ ಒಳ್ಳೆಯದು 'ನಾಟ್ ಟು ಎಕ್ಸೀಡ್' ಅನ್ನುವ ಬಗೆ. ತೂಕ ಕಮ್ಮಿ ಬಂದರೆ ದರ ಇಳಿಯುತ್ತೆ, ಜಾಸ್ತಿ ಬಂದರೆ ಏರಲ್ಲ. ವಿಡಿಯೋ ನೋಡಿ 6,000 ಹೇಳಿದವರಿಗೆ ಇದನ್ನೇ ಕೇಳಿ.

ಇನ್ನು, ಕಾವೇರಿಯಮ್ಮ ಹೇಳಿದ್ದು ಅರ್ಧ ಸರಿ. 4,000 ಪೌಂಡ್‌ಗೆ 6,000 ಡಾಲರ್ ಅಂದರೆ ಪೌಂಡಿಗೆ ಒಂದೂವರೆ ಡಾಲರ್. 100 ಪೌಂಡಿನ ಊಟದ ಟೇಬಲ್‌ಗೆ 150 ಡಾಲರ್ ಬಾಡಿಗೆ ಬಿತ್ತು. ಅಷ್ಟು ಕೊಡುವಷ್ಟು ಒಳ್ಳೆಯ ಟೇಬಲ್ಲಾ? ಅದೇ 25 ಪೌಂಡಿನ ಗ್ರೈಂಡರ್‌ಗೆ 40 ಡಾಲರ್ ಹತ್ತಿರ. ಹೊಸದು ತಗೊಳ್ಳುವುದಕ್ಕಿಂತ ಎಷ್ಟೋ ಕಮ್ಮಿ, ಅದು ಬರಲಿ. ಒಂದೊಂದು ಸಾಮಾನಿಗೂ ಹೀಗೆ ಲೆಕ್ಕ ಹಾಕಿ, ಮಾರುವುದು ಯಾವುದು ತರುವುದು ಯಾವುದು ಅಂತ ತಾನೇ ಗೊತ್ತಾಗುತ್ತೆ.

ಹುಬ್ಬಳ್ಳಿ ಮಂದಿ (ಡಲ್ಲಾಸ್):

ರಾಯರು ಹೇಳಿದ್ದನ್ನು ಎರಡೆರಡು ಸಲ ಓದ್ರಿ. ನಮಗೆ ಆಗಿದ್ದನ್ನು ಹೇಳುತ್ತೇನೆ. ವರ್ಜೀನಿಯಾದಿಂದ ಡಲ್ಲಾಸ್‌ಗೆ ಬರುವಾಗ ಫೋನಿನಲ್ಲಿ ಒಬ್ಬ ಬಹಳ ಚಂದ ಮಾತಾಡಿದ. ಕಡಿಮೆ ದರ, ದೊಡ್ಡ ಟ್ರಕ್, ವಾರದೊಳಗೆ ಮನೆ ಬಾಗಿಲಿಗೆ. ತುಂಬುವ ದಿನ ಬಂದದ್ದು ಬೇರೆ ಹೆಸರಿನ ಬಾಡಿಗೆ ಟ್ರಕ್. ಅರ್ಧ ತುಂಬಿದ ಮೇಲೆ ಡ್ರೈವರ್ ಟೇಪ್ ಹಿಡಿದು ಅಳೆದ. 'ನಿಮ್ಮ ಸಾಮಾನು ಹೇಳಿದ್ದಕ್ಕಿಂತ ಇಷ್ಟು ಕ್ಯೂಬಿಕ್ ಫೀಟ್ ಜಾಸ್ತಿ ಇದೆ' ಅಂದ. ದರ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಮನೆ ಖಾಲಿ, ಕೀಲಿ ಕೊಡುವ ದಿನ, ಹಾಸಿಗೆ ಪಾತ್ರೆ ಎಲ್ಲ ಟ್ರಕ್ಕಿನೊಳಗೆ. ಮನೆಯಲ್ಲಿ ಎಳೆ ಕೂಸು ಬೇರೆ. ಸಹಿ ಮಾಡದಿದ್ದರೆ ಸಾಮಾನು ರಸ್ತೆಗೆ ಇಳಿಸುತ್ತೇವೆ, ಇಳಿಸಿದ ಕೂಲಿಯೂ ಕೊಡಿ ಅಂತ ನಿಂತರು.

ಆಮೇಲೆ ವಾರಗಟ್ಟಲೆ ಪತ್ತೆ ಇಲ್ಲ. ಫೋನ್ ಮಾಡಿದರೆ ಬುಕ್ ಮಾಡಿದವ 'ನಾವು ಬರೀ ಬ್ರೋಕರ್' ಅಂದ. ಟ್ರಕ್ಕಿನವ 'ಗೋಡೌನ್ ಬಾಡಿಗೆ ಕೊಟ್ಟರೆ ಬಿಡುತ್ತೇವೆ' ಅಂದ. ಪೊಲೀಸರು ಇದು ನಿಮ್ಮಿಬ್ಬರ ವ್ಯವಹಾರ ಅಂತ ಕೈ ಬಿಟ್ಟರು. ಎಫ್‌ಎಂಸಿಎಸ್‌ಎಗೆ ದೂರು ಕೊಟ್ಟು, ಆ ದೂರಿನ ನಂಬರ್ ಇಬ್ಬರಿಗೂ ಬರೆದು ಕಳಿಸಿದ ಮೇಲೆ ಮಾತು ಸ್ವಲ್ಪ ಮೆತ್ತಗಾಯಿತು. ಕೊನೆಗೆ ಸಾಮಾನು ಬಂತು. ಅಮ್ಮ ಕೊಟ್ಟಿದ್ದ ತಾಮ್ರದ ಹಂಡೆ ಬರಲಿಲ್ಲ. ಸಾಮಾನು ಒತ್ತೆ ಇಟ್ಟುಕೊಂಡು ದುಡ್ಡು ಕೀಳುವ ಇದಕ್ಕೆ ಇಲ್ಲಿ 'ಹಾಸ್ಟೇಜ್ ಲೋಡ್' ಅಂತಲೇ ಕರೆಯುತ್ತಾರೆ, ಅಷ್ಟು ಸಾಮಾನ್ಯ.

ಅದಕ್ಕೇ ಹೇಳೋದು, ಕ್ಯೂಬಿಕ್ ಫೀಟ್ ಲೆಕ್ಕಕ್ಕೆ ಒಪ್ಪಬೇಡ್ರಿ. ತೂಕವಾದರೆ ಖಾಲಿ ಟ್ರಕ್ ಎಷ್ಟು, ತುಂಬಿದ ಟ್ರಕ್ ಎಷ್ಟು ಅಂತ ಕಾಟಾ ಚೀಟಿ ಇರುತ್ತೆ. ತೂಗುವಾಗ ನೀವೂ ಹೋಗಿ ನೋಡಬಹುದು. ಅನುಮಾನ ಬಂದರೆ ಇಳಿಸುವ ಮೊದಲು ಇನ್ನೊಂದು ಸಲ ತೂಗಿಸಿ ಅನ್ನಬಹುದು, ಅದಕ್ಕೆ ದುಡ್ಡು ಕೇಳುವ ಹಾಗಿಲ್ಲ. ಖಾಲಿ ಜಾಗ ಬಿಟ್ಟ ಯಾವ ಕಾಗದಕ್ಕೂ ಸಹಿ ಬೇಡ.

ತುಂಗಾತೀರ (ಎಡಿಸನ್):

ಓದಿ ಎದೆ ಝಲ್ ಅಂತು. ನಿಮ್ಮ ಹಂಡೆಯ ವಿಷಯ ಕೇಳಿ ಬೇಜಾರಾಯ್ತು. 2,400ರವರ ನಂಬರ್ ಹಾಕಿ ನೋಡಿದೆ. ರಾಯರು ಹೇಳಿದ ಹಾಗೆ ಬ್ರೋಕರ್ ಅಂತಲೇ ಬಂತು. ಅವರನ್ನು ಬಿಟ್ಟೆ. ಇನ್ನಿಬ್ಬರಲ್ಲಿ ಒಬ್ಬರು ಸ್ವಂತ ಟ್ರಕ್ಕಿನವರು, ದೂರೂ ಕಮ್ಮಿ ಇದೆ. ಆದರೆ ಯಜಮಾನರು ಈಗ ಹೊಸ ರಾಗ ಶುರು ಮಾಡಿದ್ದಾರೆ. ಯು-ಹಾಲ್ ಟ್ರಕ್ ಬಾಡಿಗೆಗೆ ತಗೊಂಡು ತಾವೇ ಓಡಿಸಿಕೊಂಡು ಹೋಗುತ್ತಾರಂತೆ. ಕಾರನ್ನು ಹಿಂದೆ ಕಟ್ಟಿಕೊಂಡು.

ಬೆಣ್ಣೆನಗರಿ (ಶಿಕಾಗೊ):

ಓಡಿಸಬಹುದು, ನಾನೂ ಓಡಿಸಿದ್ದೇನೆ. ಎಲ್ಲಕ್ಕಿಂತ ಅಗ್ಗ ಬೀಳುತ್ತೆ. ಕ್ಯಾಲಿಫೋರ್ನಿಯಾ ಕಡೆಗೆ ಹೋಗುವ ಟ್ರಕ್‌ಗಿಂತ ಅಲ್ಲಿಂದ ಹೊರಗೆ ಹೋಗುವ ಟ್ರಕ್‌ಗೆ ಬೇಡಿಕೆ ಜಾಸ್ತಿ, ಹಾಗಾಗಿ ನಿಮ್ಮ ದಿಕ್ಕಿನ ಬಾಡಿಗೆ ಕಮ್ಮಿ ಇರುತ್ತೆ. ಪೆನ್ಸ್ಕಿ ಅನ್ನುವ ಇನ್ನೊಂದು ಟ್ರಕ್ ಕಂಪನಿಯಲ್ಲಿ ಒಂದು ಕಡೆಯ ಬಾಡಿಗೆಗೆ ಮೈಲಿ ಮಿತಿ ಇಲ್ಲ. ಯು-ಹಾಲ್‌ನಲ್ಲಿ ಇಷ್ಟು ದಿನ ಇಷ್ಟು ಮೈಲಿ ಅಂತ ಕೊಡ್ತಾರೆ. ಪೆಟ್ರೋಲ್ ಲೆಕ್ಕ ಮರೆಯಬೇಡಿ. 26 ಅಡಿ ಟ್ರಕ್ ಗ್ಯಾಲನ್‌ಗೆ 10 ಮೈಲಿ ಕೊಟ್ಟರೆ ಪುಣ್ಯ, ಅಂದರೆ 290 ಗ್ಯಾಲನ್. ಕಾರು ಎಳೆದರೆ ಇನ್ನೂ ಜಾಸ್ತಿ. ನಮ್ಮ ಕಾರಿನ ವಿಮೆ ಸಾಮಾನ್ಯವಾಗಿ ಬಾಡಿಗೆ ಟ್ರಕ್‌ಗೆ ಅನ್ವಯ ಆಗಲ್ಲ, ಕ್ರೆಡಿಟ್ ಕಾರ್ಡಿನದ್ದೂ ಅಷ್ಟೇ. ಟ್ರಕ್ ಕೊಡುವವರ ಹತ್ತಿರವೇ ವಿಮೆ ತಗೊಳ್ಳಿ.

ಫ್ರೀಮಾಂಟ್ ರಾಯರು:

ಬೆಣ್ಣೆನಗರಿಯವರೇ, ಮೇ ತಿಂಗಳಾದರೆ ನಾನೂ ಹೂಂ ಅನ್ನುತ್ತಿದ್ದೆ. ಇವರು ಹೊರಡುವುದು ಡಿಸೆಂಬರ್ ಕೊನೆಗೆ. ನ್ಯೂಜೆರ್ಸಿಯ ಟೀನೆಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಐ-80 ಒಂದೇ ಹೆದ್ದಾರಿ, ನೋಡಲು ಸಲೀಸು. ಆದರೆ ವಯೋಮಿಂಗ್‌ನಲ್ಲಿ ಲಾರಮಿಯಿಂದ ರಾಲಿನ್ಸ್‌ವರೆಗಿನ ರಸ್ತೆ ಚಳಿಗಾಲದಲ್ಲಿ ಪದೇ ಪದೇ ಮುಚ್ಚುತ್ತೆ. ಹಿಮ ಒಂದು ಕಡೆ, ಗಾಳಿ ಇನ್ನೊಂದು ಕಡೆ. ಎತ್ತರದ, ಹಗುರ ಗಾಡಿಗಳನ್ನು ಗಾಳಿಗೇ ಮಗುಚುವಂಥ ಜಾಗ ಅದು. ಅದನ್ನು ದಾಟಿದರೆ ಸಿಯೆರ್ರಾ ಬೆಟ್ಟಸಾಲಿನಲ್ಲಿ ಡಾನರ್ ಪಾಸ್ ಅನ್ನುವ ಘಟ್ಟದ ದಾರಿ. ಹಿಮ ಬಿದ್ದರೆ ಚಕ್ರಕ್ಕೆ ಸರಪಳಿ ಕಟ್ಟದೆ ಬಿಡಲ್ಲ. ಹಿಂದೆ ಕಾರು ಬೇರೆ ಕಟ್ಟಿಕೊಂಡು, ಅಭ್ಯಾಸ ಇಲ್ಲದವರು ಅಲ್ಲಿಗೆ ಹೋಗುವುದು ನನಗಂತೂ ಸರಿ ಕಾಣಲ್ಲ. ದಕ್ಷಿಣಕ್ಕೆ ಇಳಿದು ಐ-40 ಹಿಡಿಯಬಹುದು, ಆದರೆ ಅಲ್ಲೂ ಫ್ಲ್ಯಾಗ್‌ಸ್ಟಾಫ್ ಸುತ್ತ ಹಿಮ ಬೀಳುತ್ತೆ. ಯಜಮಾನರಿಗೆ ನನ್ನ ಮಾತು ಅಂತ ಹೇಳಿ ತಾಯಿ, ಬೇಡ.

ಕರಾವಳಿ (ಸಿಯಾಟಲ್):

ಎರಡಕ್ಕೂ ನಡುವಿನ ದಾರಿ ಒಂದಿದೆ, ಯಾರೂ ಹೇಳಲಿಲ್ಲ. ಕಂಟೇನರ್. ಪೆಟ್ಟಿಗೆ ತಂದು ಮನೆ ಮುಂದೆ ಇಡುತ್ತಾರೆ, ನೀವೇ ತುಂಬಿ ಬೀಗ ಹಾಕುತ್ತೀರಿ, ಅವರು ಒಯ್ದು ಆ ಕಡೆ ಇಡುತ್ತಾರೆ. ಪಾಡ್ಸ್, ಯು-ಹಾಲ್‌ನ ಯು-ಬಾಕ್ಸ್, ಯು-ಪ್ಯಾಕ್ ಹೀಗೆ ಬೇರೆ ಬೇರೆ ಇವೆ. ಯು-ಬಾಕ್ಸ್ ಒಂದರಲ್ಲಿ 2,000 ಪೌಂಡ್‌ವರೆಗೆ ತುಂಬಬಹುದು. ಯು-ಪ್ಯಾಕ್‌ನಲ್ಲಿ 28 ಅಡಿಯ ಟ್ರೇಲರ್ ತರಿಸಿ, ನೀವು ಹಿಡಿದ ಅಡಿಗಷ್ಟೇ ದುಡ್ಡು ಕೊಡಬಹುದು. ನಮ್ಮ ಮನೆಯದ್ದು ಹಾಗೇ ಬಂತು.

ನನಗೆ ಇದರಲ್ಲಿ ಇಷ್ಟವಾಗಿದ್ದು ಏನೆಂದರೆ ಸಾಮಾನು ನಡುದಾರಿಯಲ್ಲಿ ಇಳಿಸಿ ಹತ್ತಿಸುವ ಗೋಜು ಇಲ್ಲ. ದೊಡ್ಡ ಕ್ಯಾರಿಯರ್‌ಗಳ ಟ್ರಕ್ಕಿನಲ್ಲಿ ನಾಲ್ಕಾರು ಮನೆಯ ಸಾಮಾನು ಒಟ್ಟಿಗೆ ಬರುತ್ತೆ, ಗೋಡೌನ್‌ನಲ್ಲಿ ಕೈ ಬದಲಾಗುತ್ತೆ. ಒಡೆಯೋದು, ಕಳೆಯೋದು ಜಾಸ್ತಿ ಅಲ್ಲೇ. ತುಂಬಲು, ಇಳಿಸಲು ಗಂಟೆ ಲೆಕ್ಕದಲ್ಲಿ ಆಳು ಸಿಗುತ್ತಾರೆ. ಭಾರದ್ದು ಕೆಳಗೆ ಮತ್ತು ಮುಂದಿನ ಗೋಡೆಗೆ ಒತ್ತಿ ಇಡಿ. ನೆಲದಿಂದ ಮೇಲಿನವರೆಗೆ ಗೋಡೆ ಕಟ್ಟಿದ ಹಾಗೆ ಒಂದೊಂದು ಸಾಲು ಮುಗಿಸಿ, ಪಟ್ಟಿ ಬಿಗಿದು ಮುಂದಿನ ಸಾಲಿಗೆ ಹೋಗಿ. ಸಂದಿಗೆ ದಿಂಬು, ರಜಾಯಿ ತುರುಕಿ. ಆದರೆ ನಿಮ್ಮ ಅಪಾರ್ಟ್‌ಮೆಂಟಿನವರು ಪೆಟ್ಟಿಗೆ ಇಡಲು ಬಿಡ್ತಾರಾ, ಫ್ರೀಮಾಂಟ್‌ನ ಮನೆಯಲ್ಲಿ ಜಾಗ ಇದೆಯಾ, ಮೊದಲು ಕೇಳಿ. ಕೆಲವು ಕಡೆ ವಿಮೆ ಪತ್ರ ತೋರಿಸದೆ ಆಳುಗಳನ್ನು ಒಳಗೇ ಬಿಡಲ್ಲ.

ಕಾವೇರಿ (ಫಿಲಡೆಲ್ಫಿಯಾ):

ಒಡೆಯೋ ವಿಷಯ ಬಂತಲ್ಲ, ಒಂದು ಮಾತು. ಕ್ಯಾರಿಯರ್‌ಗೇ ಕೊಟ್ಟರೆ ಕಾಗದದಲ್ಲಿ ಹೊಣೆಯ ಎರಡು ಬಗೆ ಇರುತ್ತೆ. ಪುಕ್ಕಟೆ ಬರುವುದರಲ್ಲಿ ಪೌಂಡಿಗೆ 60 ಸೆಂಟ್ ಮಾತ್ರ. 40 ಪೌಂಡಿನ ಟಿವಿ ಒಡೆದರೆ ಕೈಗೆ 24 ಡಾಲರ್. 'ಫುಲ್ ವ್ಯಾಲ್ಯೂ' ಅನ್ನುವುದಕ್ಕೆ ಜಾಸ್ತಿ ಕೊಡಬೇಕು, ಆದರೆ ರಿಪೇರಿ ಇಲ್ಲವೇ ಬದಲಿ ಸಿಗುತ್ತೆ. ಪೌಂಡಿಗೆ 100 ಡಾಲರ್‌ಗಿಂತ ಬೆಲೆಬಾಳುವ ಸಾಮಾನಿದ್ದರೆ ಬೇರೆಯಾಗಿ ಬರೆದು ತೋರಿಸಬೇಕು. ನೀವೇ ಕಟ್ಟಿದ ಡಬ್ಬ ಹೊರಗಿಂದ ಚೆನ್ನಾಗಿದ್ದು ಒಳಗೆ ಒಡೆದಿದ್ದರೆ ಅವರು ಜಾರಿಕೊಳ್ಳುತ್ತಾರೆ, ಹಾಗಾಗಿ ಗಾಜು ಪಿಂಗಾಣಿ ಅವರ ಕೈಲೇ ಕಟ್ಟಿಸಿ. ಕ್ಲೇಮ್ ಹಾಕಲು 9 ತಿಂಗಳು ಸಮಯ ಇದೆ. ಚಿನ್ನ, ಪಾಸ್‌ಪೋರ್ಟ್, ವೀಸಾ ಅರ್ಜಿ ಮಂಜೂರಾದ ಐ-797 ಪತ್ರ, ಡಿಗ್ರಿ ಸರ್ಟಿಫಿಕೇಟ್, ಮಗಳ ಹುಟ್ಟಿದ ಪತ್ರ ಯಾವ ಟ್ರಕ್ಕಿಗೂ ಹೋಗಬಾರದು. ನಿಮ್ಮ ಕೈಚೀಲದಲ್ಲೇ ಇರಲಿ.

ಸಾಲುಮರ (ರಾಲಿ):

ಕರಿಬೇವಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಗಿಡ ಒಯ್ಯಲು ಆಗಲ್ಲ ಅಕ್ಕ. ಕರಿಬೇವು ನಿಂಬೆ, ಕಿತ್ತಳೆಯ ನೆಂಟ. ಏಷ್ಯನ್ ಸಿಟ್ರಸ್ ಸಿಲಿಡ್ ಅನ್ನುವ ಚಿಕ್ಕ ಕೀಟ ಇದರ ಚಿಗುರಲ್ಲಿ ಮೊಟ್ಟೆ ಇಡುತ್ತೆ, ಅದೇ ಕೀಟ ಕಿತ್ತಳೆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುತ್ತೆ. ಆ ರೋಗಕ್ಕೆ ಮದ್ದಿಲ್ಲ. ಫ್ಲೋರಿಡಾದಲ್ಲಿ 2005ರಲ್ಲಿ ಕಾಣಿಸಿಕೊಂಡು ಎಷ್ಟೋ ತೋಟಗಳನ್ನು ತೆಗೆಸಿಬಿಟ್ಟಿತು, 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಸಿಕ್ಕಿತು. ಅದಕ್ಕೇ ಅವರು ಇಷ್ಟು ಬಿಗಿ. ರಸ್ತೆಯಲ್ಲಿ ಬಂದರೆ ಕ್ಯಾಲಿಫೋರ್ನಿಯಾ ಗಡಿ ಕಡೆಯ ಟ್ರಕೀ ಊರಿನ ಹತ್ತಿರ ಗಾಡಿ ನಿಲ್ಲಿಸಿ ಗಿಡ, ಹಣ್ಣು ಇದೆಯಾ ಅಂತ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಗಿಡವನ್ನು ಅಲ್ಲೇ ಗೆಳತಿಯರಿಗೆ ಕೊಟ್ಟುಬಿಡಿ. ಫ್ರೀಮಾಂಟ್‌ನಲ್ಲಿ ಪರವಾನಗಿ ಇರುವ ನರ್ಸರಿಯಲ್ಲಿ ಸಿಗುತ್ತೆ, ಅಲ್ಲಿನ ಹವೆಗೆ ಹೊರಗೇ ಬೆಳೆಯುತ್ತೆ.

ಬಾಲ್ಕನಿಯ ಕುರ್ಚಿ, ಸೈಕಲ್, ಖಾಲಿ ಕುಂಡಗಳನ್ನೂ ತಿರುಗಿಸಿ ನೋಡಿ. ನ್ಯೂಜೆರ್ಸಿಯಲ್ಲಿ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಅನ್ನುವ ಕೀಟದ ಹಾವಳಿ ಇದೆ. ಚಳಿಗಾಲದಲ್ಲಿ ಹುಳ ಕಾಣಲ್ಲ, ಮೊಟ್ಟೆ ಇರುತ್ತೆ. ಒಣಗಿದ ಕೆಸರು ಮೆತ್ತಿದ ಹಾಗೆ ಬೂದು ಬಣ್ಣ, ಒಂದಿಂಚು ಉದ್ದ. ಕಂಡರೆ ಕಾರ್ಡಿನಿಂದ ಕೆರೆದು ಸ್ಪಿರಿಟ್‌ಗೆ ಹಾಕಿ. ಕರ್ಪೂರ, ಬೆಂಕಿಪೊಟ್ಟಣ, ಗ್ರಿಲ್‌ನ ಗ್ಯಾಸ್ ಸಿಲಿಂಡರ್ ಟ್ರಕ್ಕಿಗೂ ಇಲ್ಲ, ಕಂಟೇನರ್‌ಗೂ ಇಲ್ಲ. ಬೆಂಕಿ ಹಿಡಿಯೋ ವಸ್ತು ಅಂತ ತಗೊಳ್ಳಲ್ಲ.

ತುಂಗಾತೀರ (ಎಡಿಸನ್):

ಗಿಡ ಬಿಟ್ಟು ಹೋಗೋದು ಕಷ್ಟ ಆಗುತ್ತೆ, ಆದರೆ ಕಾರಣ ತಿಳಿದ ಮೇಲೆ ಮನಸ್ಸು ಒಪ್ಪಿತು. ಪಕ್ಕದ ಮನೆಯವರಿಗೆ ಕೊಡ್ತೀನಿ. ಯಜಮಾನರು ಟ್ರಕ್ ಓಡಿಸೋದು ಕೈಬಿಟ್ಟರು, ರಾಯರಿಗೆ ಥ್ಯಾಂಕ್ಸ್. ಇಲ್ಲಿ ಪೆಟ್ಟಿಗೆ ಇಡಲು ಒಪ್ಪಿಗೆ ಸಿಕ್ಕಿದೆ, ಸೋಫಾ ಟೇಬಲ್ ಮಾರಿದರೆ ಎರಡು ಯು-ಬಾಕ್ಸ್‌ನಲ್ಲಿ ಆಗಬಹುದು ಅನಿಸುತ್ತೆ. ಪುಸ್ತಕಗಳದ್ದೇ ಭಾರ. ಮತ್ತೆ ವೀಣೆ. ಅದನ್ನು ಪೆಟ್ಟಿಗೆಯಲ್ಲಿ ಹಾಕಲು ಧೈರ್ಯ ಬರ್ತಿಲ್ಲ.

ಬೆಣ್ಣೆನಗರಿ (ಶಿಕಾಗೊ):

ಪುಸ್ತಕಕ್ಕೆ ಅಂಚೆ ಇಲಾಖೆಯ ಮೀಡಿಯಾ ಮೇಲ್ ಇದೆ. ನಿಧಾನ, ಆದರೆ ಬಹಳ ಅಗ್ಗ. ಒಂದು ಡಬ್ಬ 70 ಪೌಂಡ್‌ವರೆಗೆ ಇರಬಹುದು, ಆದರೆ 35 ದಾಟಿಸಬೇಡಿ, ತಳ ಕಿತ್ತು ಬರುತ್ತೆ. ಒಳಗೆ ಪುಸ್ತಕ, ಸಿಡಿ ಅಷ್ಟೇ. ಪತ್ರ, ಬಟ್ಟೆ, ಪಾತ್ರೆ ಇರಕೂಡದು, ಅವರು ಬಿಚ್ಚಿ ನೋಡಬಹುದು. ಜಾಹೀರಾತು ಇರುವ ಪತ್ರಿಕೆಗೆ ಈ ದರ ಇಲ್ಲ, ಹಾಗಾಗಿ ಮಾವನವರ ದೀಪಾವಳಿ ವಿಶೇಷಾಂಕಗಳಿದ್ದರೆ ಅವು ಪೆಟ್ಟಿಗೆಗೆ. ಪ್ರತಿ ಡಬ್ಬದೊಳಗೆ ಮೇಲುಗಡೆ ವಿಳಾಸದ ಚೀಟಿ ಇಡಿ. ಪುಸ್ತಕಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ.

ಹುಬ್ಬಳ್ಳಿ ಮಂದಿ (ಡಲ್ಲಾಸ್):

ಕಾಗದ ಪತ್ರದ ಕಡೆನೂ ನೋಡ್ರಿ. ವೀಸಾದಲ್ಲಿ ಇರೋರು, ಗ್ರೀನ್ ಕಾರ್ಡ್ ಇರೋರು ಮನೆ ಬದಲಿಸಿದ 10 ದಿನದೊಳಗೆ ವಿಳಾಸ ಬದಲಾಯ್ತು ಅಂತ ತಿಳಿಸುವ ಎಆರ್-11 ಫಾರಂ ಹಾಕಬೇಕು. ನೀವೂ ಮಗಳೂ ಎಚ್-4ನಲ್ಲಿದ್ದರೆ (ಎಚ್-1ಬಿ ಕೆಲಸದ ವೀಸಾದವರ ಹೆಂಡತಿ ಮಕ್ಕಳ ವೀಸಾ) ಇಬ್ಬರಿಗೂ ಬೇರೆ ಬೇರೆ, ಮಗಳು ಇಲ್ಲೇ ಹುಟ್ಟಿದ್ದರೆ ಅವಳಿಗೆ ಬೇಡ. ಪೋಸ್ಟಾಫೀಸಿನಲ್ಲಿ ವಿಳಾಸ ಬದಲಿಸಿದರೆ ಸಾಕು ಅಂತ ಬಹಳ ಜನ ತಿಳಿಯುತ್ತಾರೆ. ಯುಎಸ್‌ಸಿಐಎಸ್, ಅಂದರೆ ವಲಸೆ ಇಲಾಖೆಯ ಅಂಚೆಯನ್ನು ಎಷ್ಟೋ ಸಲ ಹೊಸ ವಿಳಾಸಕ್ಕೆ ಕಳಿಸದೆ ವಾಪಸ್ ಮಾಡಿಬಿಡ್ತಾರೆ. ಯಜಮಾನರದ್ದು ಹೊಸ ಕಂಪನಿ, ಎಚ್-1ಬಿ ಆದರೆ ಅರ್ಜಿ ಅವರೇ ಹಾಕಿರ್ತಾರೆ. ಅದೇ ಕಂಪನಿಯಲ್ಲಿದ್ದು ಊರು ಬದಲಿಸುವವರು ಮಾತ್ರ ಹುಷಾರು, ಇಷ್ಟು ದೂರ ಹೋದರೆ ತಿದ್ದುಪಡಿ ಅರ್ಜಿ ಮೊದಲೇ ಹೋಗಬೇಕು. ಕಂಪನಿ ಕೊಡುವ ಸಾಗಣೆ ಹಣ ಸಂಬಳದ ಜೊತೆ ಸೇರಿ ಟ್ಯಾಕ್ಸ್ ಬೀಳುತ್ತೆ. 2018ರಿಂದ ಸೇನೆಯವರನ್ನು ಬಿಟ್ಟರೆ ಹೆಚ್ಚುಕಮ್ಮಿ ಯಾರಿಗೂ ಸಾಗಣೆ ಖರ್ಚನ್ನು ಕೇಂದ್ರದ ತೆರಿಗೆಯಲ್ಲಿ ಕಳೆಯುವ ಅವಕಾಶ ಇಲ್ಲ. 'ಗ್ರಾಸ್ ಅಪ್' ಮಾಡ್ತೀರಾ, ಅಂದರೆ ಆ ಟ್ಯಾಕ್ಸಿನಷ್ಟು ಹಣ ಸೇರಿಸಿ ಕೊಡ್ತೀರಾ ಅಂತ ಸೇರುವ ಮೊದಲೇ ಕೇಳಲಿ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಮಾಡಿಸಲು 10 ದಿನ, ಕಾರು ನೋಂದಾಯಿಸಲು 20 ದಿನ ಗಡುವು.

ತಂತಿನಾದ (ಬಾಸ್ಟನ್):

ವೀಣೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನೂ ವೀಣೆ ನುಡಿಸುವವಳು. ತುಂಗಾ ಅವರೇ, ನಿಮ್ಮ ಭಯ ಸರಿಯಾದದ್ದೇ. ವೀಣೆಯ 24 ಮೆಟ್ಟಿಲೂ, ಅಂದರೆ ತಂತಿ ಒತ್ತಿ ಸ್ವರ ಹಿಡಿಯುವ ಲೋಹದ ಪಟ್ಟಿಗಳು, ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತೆ. ಹಿಮದ ಚಳಿಯಲ್ಲಿ ಬಿರುಸಾಗಿ ಸಣ್ಣ ಏಟಿಗೇ ಬಿಟ್ಟುಕೊಳ್ಳುತ್ತೆ. ಆಮೇಲೆ ಒಂದೊಂದನ್ನೂ ಸ್ವರ ನೋಡಿ ಕೂರಿಸಬೇಕು, ಆ ಕೈ ಇರುವವರು ಈ ದೇಶದಲ್ಲಿ ಬಹಳ ಕಮ್ಮಿ. ಕಂಟೇನರ್ ಹೊರಗೆ ಎಲ್ಲೋ ಯಾರ್ಡಿನಲ್ಲಿ ರಾತ್ರಿಯಿಡೀ ನಿಂತಿರುತ್ತೆ. ಅದರಲ್ಲಿ ಹಾಕಲೇಬೇಡಿ. ಕಾರನ್ನು ಕಾರು ಸಾಗಿಸುವ ಟ್ರಕ್ಕಿನಲ್ಲಿ ಕಳಿಸುವುದಾದರೆ ಅದರೊಳಗೂ ಬೇಡ.

ವಿಮಾನದಲ್ಲಿ ಜೊತೆಗೇ ಒಯ್ಯಿರಿ. 2012ರ ಕಾನೂನಿನ ಪ್ರಕಾರ ಇಲ್ಲಿನ ವಿಮಾನಗಳಲ್ಲಿ ದೊಡ್ಡ ವಾದ್ಯಕ್ಕೆ ಟಿಕೆಟ್ ಕೊಂಡು ಪಕ್ಕದ ಸೀಟಿನಲ್ಲಿ ಇಡಬಹುದು, ಪೆಟ್ಟಿಗೆ ಸೇರಿ 165 ಪೌಂಡ್‌ವರೆಗೆ. ಆ ಟಿಕೆಟ್ ಆನ್‌ಲೈನ್‌ನಲ್ಲಿ ತಗೊಳ್ಳಬೇಡಿ. ಫೋನ್ ಮಾಡಿ, ವಾದ್ಯಕ್ಕೆ ಅಂತ ಹೇಳಿ, ಪೆಟ್ಟಿಗೆಯ ಅಳತೆ ಕೊಟ್ಟು ಬುಕ್ ಮಾಡಿಸಿ. ಸಾಮಾನ್ಯವಾಗಿ ಕಿಟಕಿ ಪಕ್ಕದ ಸೀಟು ಕೊಡ್ತಾರೆ. ಬೆಲ್ಟಿಗೆ ಉದ್ದನೆಯ ತುಂಡು ಬೇಕು ಅಂತ ಹತ್ತುವಾಗಲೇ ಕೇಳಿ. ನೇರ ವಿಮಾನ ಹಿಡಿಯಿರಿ, ನಡುವೆ ಇಳಿದು ಹತ್ತುವುದು ಬೇಡ.

ಹೊರಡುವ ಹಿಂದಿನ ದಿನ ಸೋರೆಬುರುಡೆ ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಿ. ತಂತಿಗಳನ್ನು ಒಂದೆರಡು ಸ್ವರ ಇಳಿಸಿ ಸಾಕು, ಪೂರ್ತಿ ಸಡಿಲ ಬಿಟ್ಟರೆ ತಂತಿಗಳನ್ನು ಹೊತ್ತ ಕುದುರೆ ಜಾರುತ್ತೆ. ಕುದುರೆಯ ಕೆಳಗೆ ಮೆತ್ತನೆ ಬಟ್ಟೆ ಮಡಚಿ ಇಡಿ. ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿಯ ತಲೆಗೆ ಪೆಟ್ಟಿಗೆಯೊಳಗೆ ಬಲ ಬೀಳದ ಹಾಗೆ ಎರಡೂ ಕಡೆ ಸ್ಪಂಜು ಕೊಡಿ. ಫ್ರೀಮಾಂಟ್ ಮುಟ್ಟಿದ ಕೂಡಲೇ ಪೆಟ್ಟಿಗೆ ತೆರೆಯಬೇಡಿ, ಕೋಣೆಯ ಹವೆಗೆ ಒಂದು ರಾತ್ರಿ ಹೊಂದಲಿ. ಮರುದಿನ ನಿಧಾನವಾಗಿ ಶ್ರುತಿಗೆ ತನ್ನಿ. ಯಾವುದಾದರೂ ಮೆಟ್ಟಿಲು ಅಲುಗುತ್ತಿದ್ದರೆ ಅದರ ಮೇಲೆ ನುಡಿಸಬೇಡಿ, ಇಲ್ಲೇ ಬರೆಯಿರಿ, ಆ ಕಡೆ ಮೇಣ ಕೂರಿಸುವವರು ಒಬ್ಬರು ನನಗೆ ಗೊತ್ತು, ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ.